ಕಿವಿಗೊಟ್ಟು ಮಾಡುವ ಡ್ರೆಸ್ಸಿಂಗ್

ಯುಗಾದಿ ಕಳೆದು ವಾರವಾಗುತ್ತಲೇ ನಮ್ಮ ಸಿಂಧನೂರಿನ ಆಸ್ಪತ್ರೆಗೆ ಪಾದದ ಹುಣ್ಣಿನವರು ಬರತೊಡಗುತ್ತಾರೆ. ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆದು ಬಂದವರು. ಕಾದ ಡಾಂಬರಿನ ಮೇಲೆ ಬೊಬ್ಬೆ ಎದ್ದು ಒಡೆದರೂ ಶುಗರ್ ಇರುವವರಿಗೆ ಗೊತ್ತೇ ಆಗುವುದಿಲ್ಲ, ಅಂಗಾಲಿನ ನರ ಸತ್ತಿರುತ್ತದೆ. ಮನೆಯವರ ಮೂಗಿಗೆ ವಾಸನೆ ಬಡಿದಾಗಲೇ ಸುದ್ದಿ.

ಎರಡು ವರ್ಷದ ಹಿಂದೆ ಬಂದ ರೈತರೊಬ್ಬರದೂ ಇದೇ ಕತೆ. ಕಿರುಬೆರಳು ಕಪ್ಪಾಗಿತ್ತು, ಕೀವು ಅಂಗಾಲಿನ ನಡುವಿನತನಕ ಇಳಿದಿತ್ತು, ಶುಗರ್ 400ರ ಮೇಲೆ. ಬೆರಳನ್ನೂ ಅದರ ಹಿಂದಿನ ಕೊಳೆತ ಎಲುಬನ್ನೂ ತೆಗೆದೆ. ಉಳಿದದ್ದು ಅಂಗೈಯಷ್ಟು ಅಗಲದ ಗಾಯ. ಹೆಂಡತಿ ಕೇಳಿದ್ದು ಒಂದೇ ಮಾತು: "ಯಪ್ಪಾ, ಪಾದ ಉಳೀತೈತೇನ್ರಿ?"

ನೆಗೆಟಿವ್ ಪ್ರೆಶರ್ ಚಿಕಿತ್ಸೆಗೆ ನಮ್ಮ ವಾರ್ಡಿನಲ್ಲಿ 'ಮಿಷನ್ ಹಚ್ಚೋದು' ಅನ್ನುತ್ತಾರೆ. ಗಾಯದೊಳಗೆ ಫೋಮ್ ತುಂಬಿ, ಮೇಲೆ ಗಾಳಿಯಾಡದಂತೆ ಅಂಟುವ ಫಿಲ್ಮ್ ಹೊದಿಸಿ, ಕೊಳವೆಯಿಂದ 125 ಮಿ.ಮೀ. ಪಾದರಸದಷ್ಟು ಒತ್ತಡದಲ್ಲಿ ಹೀರುವುದು. ಒಸರುವ ನೀರು ಹೊರಬರುತ್ತದೆ, ಬಾವು ಇಳಿಯುತ್ತದೆ, ಅಂಚುಗಳು ಒಳಕ್ಕೆ ಸರಿಯುತ್ತವೆ, ಹೊಸ ಕೆಂಪು ಮಾಂಸ ಬೇಗ ಏಳುತ್ತದೆ. ಹೇಳಲು ಇಷ್ಟೇ. ಆದರೆ ಸತ್ತ ಮಾಂಸದ ಮೇಲೆ ಇದನ್ನು ಹಚ್ಚಿದರೆ ಕೊಳೆಗೆ ಮುಚ್ಚಳ ಹಾಕಿದಂತೆ. ಆ ರೈತರಿಗೆ ಎರಡು ದಿನ ಸಾದಾ ಡ್ರೆಸ್ಸಿಂಗ್ ಮಾಡಿ, ಮತ್ತೊಮ್ಮೆ ಕೆರೆದು ಶುಚಿ ಮಾಡಿ, ರಕ್ತ ಜಿನುಗುವುದು ನಿಂತ ಮೇಲೆಯೇ ಮಿಷನ್ ತಂದದ್ದು.

ಪಾದದ ಮೇಲೆ ಫಿಲ್ಮ್ ನಿಲ್ಲಿಸುವುದು ಹೊಟ್ಟೆಯ ಮೇಲೆ ನಿಲ್ಲಿಸಿದ ಹಾಗಲ್ಲ. ಬೆರಳ ಸಂದಿಯಿಂದ ಗಾಳಿ ಸೋರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬೆವರಿ ಅಂಟು ಬಿಡುತ್ತದೆ. ನಾನು ಮಾಡುವುದು ಹೀಗೆ: ಸುತ್ತಲಿನ ಚರ್ಮ ತೊಳೆದು ಪೂರಾ ಒಣಗಿಸಿ, ಅಂಟು ಗಟ್ಟಿಯಾಗಿ ಹಿಡಿಯಲೆಂದು ಬೆಂಜೊಯಿನ್ ಟಿಂಕ್ಚರ್ ಸವರುತ್ತೇನೆ. ಬೆರಳ ಸಂದಿಗೆ, ಹೊಟ್ಟೆಗೆ ಅಂಟಿಸುವ ಮಲದ ಚೀಲ ಸೋರದಂತೆ ಹಚ್ಚುವ ಸ್ಟೋಮಾ ಪೇಸ್ಟ್ ಮೆತ್ತುತ್ತೇನೆ, ಗೋಡೆಯ ಬಿರುಕಿಗೆ ಗಾರೆ ಮೆತ್ತಿದ ಹಾಗೆ. ಫೋಮನ್ನು ಗಾಯದ ಮೇಲೆ ಹಿಡಿದು ಕತ್ತರಿಸುವುದಿಲ್ಲ, ಚೂರು ಒಳಗೆ ಬೀಳುತ್ತದೆ. ಎಷ್ಟು ತುಂಡು ಇಟ್ಟೆ ಎಂದು ಫಿಲ್ಮಿನ ಮೇಲೆಯೇ ಮಾರ್ಕರಿನಲ್ಲಿ ಬರೆಯುತ್ತೇನೆ. ತೆಗೆಯುವ ಸಿಸ್ಟರ್ ಬೇರೆಯವರಿರಬಹುದು. ಕೊಳವೆ ಅಂಗಾಲಿನಡಿ ಬಂದರೆ ಅದೇ ಇನ್ನೊಂದು ಹುಣ್ಣು ಮಾಡುತ್ತದೆ. ಅದಕ್ಕೇ ಫೋಮಿನ ಒಂದು ಪಟ್ಟಿಯನ್ನು ಪಾದದ ಮೇಲ್ಭಾಗಕ್ಕೆ ಹಾಯಿಸಿ, ಅದರಡಿ ಚರ್ಮಕ್ಕೂ ಫಿಲ್ಮ್ ಹಾಕಿ, ಕೊಳವೆಯನ್ನು ಅಲ್ಲಿ ಕೂರಿಸುತ್ತೇನೆ.

ಸ್ವಿಚ್ ಒತ್ತಿದ ಮೇಲೆ ನಾನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಸಣ್ಣದಾಗಿ ಸುಂಯ್ ಅನ್ನುತ್ತಿದ್ದರೆ ಎಲ್ಲೋ ಸೋರಿಕೆ. ಬೆರಳಿನಿಂದ ಒತ್ತುತ್ತ ಹೋದರೆ ಒಂದು ಜಾಗದಲ್ಲಿ ಸದ್ದು ತಟ್ಟನೆ ನಿಲ್ಲುತ್ತದೆ, ಅಲ್ಲಿಗೆ ಇನ್ನೊಂದು ಫಿಲ್ಮ್ ತುಂಡು. ಸರಿಯಾಗಿ ಕೂತರೆ ಕಪ್ಪು ಫೋಮು ಕೆಂಡದಲ್ಲಿ ಸುಟ್ಟ ಬದನೆಕಾಯಿ ಸಿಪ್ಪೆಯಂತೆ ಸುಕ್ಕುಗಟ್ಟುತ್ತದೆ.

ಕಂಪನಿ ಕಿಟ್ಟಿನ ಬೆಲೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಗಾಜ್ ಬಟ್ಟೆ, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬು, ಗೋಡೆಯ ಸಕ್ಷನ್ನಿನಲ್ಲೂ ಮಾಡಿದ್ದೇನೆ. ಆಗುತ್ತದೆ, ಆದರೆ ರಾತ್ರಿಯಿಡೀ ಗೇಜಿನ ಮುಳ್ಳು ಕಾಯುವವರು ಬೇಕು. ಒಂದು ರಾತ್ರಿ ಕರೆಂಟ್ ಹೋಗಿ ಬೆಳಗಿನವರೆಗೂ ಯಾರೂ ನೋಡಿರಲಿಲ್ಲ. ಫಿಲ್ಮಿನಡಿ ಕೊಳಚೆ ನಿಂತು ಚರ್ಮ ಬೆಳ್ಳಗೆ ನೆನೆದಿತ್ತು. ಅಂದಿನಿಂದ ಗೋಡೆಗೆ ಚೀಟಿ ಅಂಟಿಸಿದ್ದೇವೆ: ಎರಡು ತಾಸಿಗಿಂತ ಹೆಚ್ಚು ನಿಂತರೆ ಎಲ್ಲ ಬಿಚ್ಚಿ ಸಾದಾ ಡ್ರೆಸ್ಸಿಂಗ್.

ಇದಕ್ಕಿಂತ ದೊಡ್ಡ ತಪ್ಪು ನನ್ನದೇ. 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 162 ರೋಗಿಗಳ ಅಧ್ಯಯನ ಓದಿ ಹುರುಪಿನಲ್ಲಿದ್ದ ಕಾಲ ಅದು. ಪಾದದ ಭಾಗ ತೆಗೆಸಿಕೊಂಡವರಲ್ಲಿ ಮಿಷನ್ ಹಚ್ಚಿದವರ ಪೈಕಿ ಶೇ. 56, ಉಳಿದವರ ಪೈಕಿ ಶೇ. 39 ಮಂದಿಯ ಗಾಯ 16 ವಾರದೊಳಗೆ ಕೂಡಿಕೊಂಡಿತ್ತು. ಅವರೆಲ್ಲ ಕಾಲಿಗೆ ಸಾಕಷ್ಟು ರಕ್ತ ಹರಿಯುತ್ತಿದ್ದವರು ಎಂಬ ಸಾಲನ್ನು ಓದಿಯೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಒಬ್ಬ ಅಜ್ಜಿಯ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 1.1 ಬಂತು, ಸರಿಯಿದೆ ಅಂದುಕೊಂಡು ಮಿಷನ್ ಹಚ್ಚಿದೆ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಸುಣ್ಣಗಟ್ಟಿ ಬಿರುಸಾದರೆ ಈ ಲೆಕ್ಕ ಸುಳ್ಳು ಹೇಳುತ್ತದೆ. ನಾಲ್ಕನೇ ದಿನ ಗಾಯದ ಅಂಚು ಕಪ್ಪಾಗಿತ್ತು. ಹೈದರಾಬಾದಿಗೆ ಕಳಿಸಿದೆ, ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಈಗ ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರದಲ್ಲಿ ನಾಡಿಯ ಸದ್ದು ಕೇಳದೆ ಮಿಷನ್ ಮುಟ್ಟುವುದಿಲ್ಲ. ಚೆನ್ನಾಗಿ ಹರಿಯುವ ನಾಳ ಚಾಟಿ ಬೀಸಿದಂತೆ ಬಿಡಿಬಿಡಿಯಾಗಿ ಸದ್ದು ಮಾಡುತ್ತದೆ. ಕಟ್ಟಿದ್ದರೆ ಬರೀ ಗಾಳಿ ಸುಳಿದಂತೆ. ಅಂಥವರನ್ನು ಮೊದಲು ರಕ್ತನಾಳದ ಸರ್ಜನ್ ನೋಡಬೇಕು.

ರೈತರಿಗೆ ಎರಡು ದಿನ ಇಲ್ಲವೇ ಮೂರು ದಿನಕ್ಕೊಮ್ಮೆ ಡ್ರೆಸ್ಸಿಂಗ್ ಬದಲಿಸುತ್ತ ಮೂರು ವಾರ ನಡೆಸಿದೆವು. ನಡುವೆ ಜಗಳ ಊಟದ್ದು. ಮೊಟ್ಟೆ ನಂಜು ಎಂದು ಮನೆಯವರು ಬರೀ ಗಂಜಿ ಕೊಡುತ್ತಿದ್ದರು. ಮಾಂಸ ಬೆಳೆಯಲು ಪ್ರೋಟೀನ್ ಬೇಡವೇ? ಕೊನೆಗೆ ಸಿಸ್ಟರೇ ಎದುರಿಗೆ ಕೂತು ತಿನ್ನಿಸತೊಡಗಿದರು. ಗಾಯ ಕೆಂಪಗೆ, ಸಮತಟ್ಟಾದ ಮೇಲೆ ತೊಡೆಯ ಚರ್ಮ ತೆಗೆದು ಕಸಿ ಮಾಡಿದೆ. ಅದು ಅಲುಗದಿರಲೆಂದು ಮತ್ತೆ ಮಿಷನ್, ಈ ಸಲ ಒತ್ತಡ ಕಡಿಮೆ ಮಾಡಿ, ಐದು ದಿನ. ಆಮೇಲೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಮಾಡಿಸಿ, ಮನೆಯೊಳಗೂ ಬಿಚ್ಚಬಾರದೆಂದು ಹೇಳಿ ಕಳಿಸಿದೆ.

ಈ ಯುಗಾದಿ ಮುಗಿದ ಮೇಲೆ ಪ್ರಸಾದ ಹಿಡಿದುಕೊಂಡು ಬಂದರು.

"ಈ ಸಲ ಬಸ್ಸಿಗೇ ಹೋಗಿದ್ನಿರಿ ಸರ್. ನಡೆದಿಲ್ಲ."

"ಚಪ್ಪಲಿ?"

"ಗುಡಿ ಮುಂದಷ್ಟೇ ಬಿಟ್ಟಿದ್ನಿರಿ. ಪಾಳಿ ಜರಾ ಉದ್ದ ಇತ್ತು."

ಪ್ರಸಾದ ಮೇಜಿನ ಮೇಲಿಟ್ಟು, ಕಾಲು ಸ್ಟೂಲಿನ ಮೇಲಿಡಿ ಯಜಮಾನ್ರೇ ಅಂದೆ.