ಆಯುಧಪೂಜೆಯ ದಿನ ಕೇಳಿಸಿದ ಸೋರಿಕೆ

ಬೆಂಗಳೂರಿನ ಪೀಣ್ಯದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಉಕ್ಕಿನ ರಾಡುಗಳನ್ನು ಕಡೆದು ವಿಶೇಷ ಅಳತೆಯ ನಟ್ಟು, ಬೋಲ್ಟು, ಸ್ಟಡ್‌ಗಳನ್ನು ತಯಾರಿಸುತ್ತೇವೆ. ಸುಮಾರು ನೂರೈವತ್ತು ಜನ ಎರಡು ಪಾಳಿಗಳಲ್ಲಿ ದುಡಿಯುವ ಈ ಜಾಗದಲ್ಲಿ ನಾನು ಉತ್ಪಾದನಾ ವಿಭಾಗದ ಮ್ಯಾನೇಜರ್. 2022ರಲ್ಲಿ ಯಜಮಾನರು ನನ್ನನ್ನು ಕರೆದು, ಉತ್ಪಾದನೆಯ ಜೊತೆಗೆ ‘ಸಸ್ಟೈನಬಿಲಿಟಿ’ಯ (ಪರಿಸರಕ್ಕೆ ಹೊರೆಯಾಗದಂತೆ ಕಾರ್ಖಾನೆ ನಡೆಸುವ) ಹೊಣೆಯನ್ನೂ ನೀವೇ ನೋಡಿಕೊಳ್ಳಿ ಎಂದರು. ಕಾರಣ ಸರಳವಾಗಿತ್ತು. ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು 2022–23ರ ಆರ್ಥಿಕ ವರ್ಷದಿಂದ ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯವಾಗಿ ಸಲ್ಲಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ನಿಯಮ ಮಾಡಿತ್ತು. ನಮ್ಮ ದೊಡ್ಡ ಗ್ರಾಹಕರಲ್ಲೊಬ್ಬರು ಆ ಪಟ್ಟಿಯಲ್ಲಿದ್ದರು. ಅವರ ಪ್ರಶ್ನಾವಳಿ ಮೇಲಿನಿಂದ ಕೆಳಗಿಳಿದು ನಮ್ಮ ಮೇಜಿನ ಮೇಲೆ ಬಂದು ಕೂತಿತ್ತು.

ಮೊದಲ ವರ್ಷ ನಾನು ಮಾಡಿದ ಕೆಲಸವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಆಫೀಸಿನ ಐದು ಜನರನ್ನು ಸೇರಿಸಿ ಒಂದು ಸಮಿತಿ ಮಾಡಿದೆ; ಅದರಲ್ಲಿ ಮಷಿನ್ ಮುಟ್ಟುವವರು ಒಬ್ಬರೂ ಇರಲಿಲ್ಲ. ನೀತಿಯೊಂದನ್ನು ಇಂಗ್ಲಿಷಿನಲ್ಲಿ ಬರೆಸಿ, ಚೌಕಟ್ಟು ಹಾಕಿಸಿ, ಟೈಮ್ ಆಫೀಸಿನ ಗೋಡೆಗೆ ನೇತುಹಾಕಿಸಿದೆ. ಗೇಟಿನ ಬಳಿ ಗಿಡ ನೆಡಿಸಿ ಫೋಟೋ ತೆಗೆಸಿದೆವು. ಬೇಸಿಗೆ ಬರುವ ಹೊತ್ತಿಗೆ ಅರ್ಧಕ್ಕರ್ಧ ಗಿಡಗಳು ಒಣಗಿದ್ದವು, ಏಕೆಂದರೆ ನೀರು ಹಾಕುವವರು ಯಾರೆಂದು ಸಮಿತಿ ತೀರ್ಮಾನಿಸಿರಲಿಲ್ಲ. ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ಆ ವರ್ಷದ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದಿತ್ತಾದ್ದರಿಂದ ಕ್ಯಾಂಟೀನಿನ ಲೋಟ, ಚಮಚಗಳನ್ನು ಬದಲಾಯಿಸಿದೆವು. ಉಪಯೋಗಕ್ಕೆ ಬಂದದ್ದು ಇದೊಂದೇ, ಅದೂ ಕಾನೂನಿನ ಒತ್ತಾಯಕ್ಕೆ ಆದದ್ದು.

ಎರಡನೇ ತಪ್ಪು ಇನ್ನೂ ದುಬಾರಿಯಾಯಿತು. ಕಂಪ್ಯೂಟರ್ ನಡೆಸುವ ನಮ್ಮ ಸಿಎನ್‌ಸಿ ಮಷಿನ್‌ಗಳಲ್ಲಿ, ಕಡೆಯುವಾಗ ತಂಪಾಗಿಡಲು ಸುರಿಯುವ ಕೂಲೆಂಟ್ ಖನಿಜ ತೈಲದಿಂದ ಮಾಡಿದ್ದು. ಅದರ ಬದಲಿಗೆ ಸಸ್ಯಮೂಲದ ಎಣ್ಣೆಯಿಂದ ಮಾಡಿದ ಕೂಲೆಂಟನ್ನು ತರಿಸಿ, ಒಂದು ಶನಿವಾರ ರಾತ್ರಿ ಎಂಟು ಮಷಿನ್‌ಗಳ ತೊಟ್ಟಿಗಳಿಗೆ ಸುರಿಸಿಬಿಟ್ಟೆ. ಮಾರಾಟಗಾರರ ಮಾತು ಸುಳ್ಳಾಗಿರಲಿಲ್ಲ, ಸರಕು ಒಳ್ಳೆಯದೇ. ಆದರೆ ಆ ಜಾತಿಯ ಕೂಲೆಂಟಿಗೆ ಆರೈಕೆ ಹೆಚ್ಚು ಬೇಕು. ಮಷಿನ್‌ನ ಸ್ಲೈಡುಗಳಿಂದ ಇಳಿದ ಎಣ್ಣೆ ಮೇಲೆ ಕೆನೆಯಂತೆ ಕಟ್ಟಿಕೊಂಡರೆ ಕೆಳಗೆ ಗಾಳಿಯಾಡದೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ದ್ರಾವಣ ಎಷ್ಟು ಗಟ್ಟಿಯಿದೆ ಎಂದು ರಿಫ್ರ್ಯಾಕ್ಟೋಮೀಟರಿನಲ್ಲಿ ದಿನವೂ ನೋಡದಿದ್ದರೆ ಅದು ತೆಳುವಾಗಿ, ಕಡೆದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ನಾನು ಇದನ್ನು ಆಪರೇಟರ್‌ಗಳಿಗೆ ಹೇಳಿರಲಿಲ್ಲ. ಅವರನ್ನು ಒಂದು ಮಾತು ಕೇಳಿರಲೂ ಇಲ್ಲ. ಮೂರು ವಾರ ಕಳೆದು, ಭಾನುವಾರದ ರಜೆ ಮುಗಿಸಿ ಸೋಮವಾರ ಬೆಳಿಗ್ಗೆ ಷಟರ್ ಎತ್ತಿದಾಗ ಕೊಳೆತ ಮೊಟ್ಟೆಯ ವಾಸನೆ ರಸ್ತೆಯವರೆಗೂ ಬಂತು. ಇಬ್ಬರು ಹುಡುಗರ ಮುಂಗೈ ಮೇಲೆ ಕೆಂಪು ಗುಳ್ಳೆಗಳೆದ್ದವು. ಒಂದು ಲಾಟು ತುಕ್ಕಿನ ಕಾರಣಕ್ಕೆ ವಾಪಸ್ಸು ಬಂತು. ಹಳೆಯ ಕೂಲೆಂಟನ್ನೇ ಮತ್ತೆ ಸುರಿಸಿದೆ. ಆ ದಿನದಿಂದ ಮಷಿನ್‌ಗಳಿರುವ ಅಂಗಳದಲ್ಲಿ ಯಾವ ಹೊಸ ಮಾತೆತ್ತಿದರೂ ‘ಇದೂ ಕೊಳೆತ ಮೊಟ್ಟೆ ಥರಾನೇನಾ ಸಾರ್?’ ಎಂಬ ಪ್ರಶ್ನೆ ಎದುರಾಗುತ್ತಿತ್ತು, ಮತ್ತು ಅದಕ್ಕೆ ಕೋಪಿಸಿಕೊಳ್ಳುವ ಹಕ್ಕು ನನಗಿರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಯುರೋಪಿನ ಗ್ರಾಹಕರಿಂದ ಒಂದು ಎಕ್ಸೆಲ್ ಹಾಳೆ ಬಂತು. ಐರೋಪ್ಯ ಒಕ್ಕೂಟ ಹೊರಗಿನಿಂದ ತರಿಸಿಕೊಳ್ಳುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ ಮುಂತಾದವುಗಳ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿದ್ದಿದೆ ಎಂಬ ಲೆಕ್ಕವನ್ನು 2023ರ ಅಕ್ಟೋಬರ್ 1ರಿಂದ ಕೇಳಲಾರಂಭಿಸಿತು. 2026ರಿಂದ ಆಮದಾಗುವ ಸರಕಿನ ಇಂಗಾಲಕ್ಕೆ ಹಣ ತೆರಬೇಕು. ನಟ್ಟು ಬೋಲ್ಟುಗಳೂ ಆ ಪಟ್ಟಿಯಲ್ಲಿವೆ. ಹಾಳೆ ತುಂಬಲು ಕುಳಿತಾಗ ನನಗೆ ತಿಳಿದ ಸಂಗತಿ ನನ್ನ ಮುಂದಿನ ಎಲ್ಲ ಕೆಲಸದ ದಿಕ್ಕನ್ನು ಬದಲಿಸಿತು. ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ದಾರಿಯಲ್ಲಿ ಒಂದು ಟನ್ ಉಕ್ಕು ತಯಾರಾಗಲು ಎರಡು ಟನ್ನಿಗೂ ಹೆಚ್ಚು ಕಾರ್ಬನ್ ಡೈ ಆಕ್ಸೈಡ್ ಹೊರಬೀಳುತ್ತದೆ. ನಮ್ಮ ಇಡೀ ಕಾರ್ಖಾನೆಯ ವಿದ್ಯುತ್ತು, ಜನರೇಟರಿನ ಡೀಸೆಲ್ಲು ಎಲ್ಲ ಸೇರಿದರೂ ಒಂದು ಟನ್ ಸರಕಿಗೆ ಅದರ ಮುಂದೆ ಸಣ್ಣ ಪಾಲೇ. ಅಂದರೆ ನಮ್ಮ ನಿಜವಾದ ಇಂಗಾಲ ನಾವು ಉರಿಸುವುದರಲ್ಲಿ ಇಲ್ಲ, ನಾವು ಎಸೆಯುವುದರಲ್ಲಿದೆ. ಕಡೆದು ಚೂರಾಗಿ ಗುಜರಿಗೆ ಹೋಗುವ, ಅಳತೆ ತಪ್ಪಿ ಕೆಂಪು ಡಬ್ಬಿಗೆ ಬೀಳುವ ಪ್ರತಿ ಕಿಲೋ ಉಕ್ಕಿನ ಜೊತೆ ಯಾವುದೋ ದೂರದ ಕುಲುಮೆಯ ಹೊಗೆಯೂ ಹೋಗುತ್ತದೆ. ಗಿಡ ನೆಟ್ಟು ಫೋಟೋ ತೆಗೆಸಿದವನು ಒಂದು ದಿನವೂ ಆ ಕೆಂಪು ಡಬ್ಬಿಯೊಳಗೆ ಇಣುಕಿರಲಿಲ್ಲ.

ಇಷ್ಟು ಅರಿವಾದರೂ ಜನರ ಬಳಿ ಹೇಗೆ ಹೋಗುವುದೆಂದು ತಿಳಿಯಲಿಲ್ಲ. ದಾರಿ ತೋರಿಸಿದ್ದು ನಮ್ಮ ಮೇಂಟೆನೆನ್ಸ್ ವಿಭಾಗದ ಹಿರಿಯ ಫಿಟ್ಟರ್. ಆ ವರ್ಷ ಆಯುಧಪೂಜೆ ಅಕ್ಟೋಬರ್ 23ಕ್ಕೆ ಬಂದಿತ್ತು. ಹಿಂದಿನ ಸಂಜೆಯೇ ಮಷಿನ್‌ಗಳನ್ನೆಲ್ಲ ತೊಳೆದು ಒರೆಸಿ, ವಿಭೂತಿ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸುವುದು ನಮ್ಮ ರೂಢಿ. ವರ್ಷದಲ್ಲಿ ಎಲ್ಲ ಮಷಿನ್‌ಗಳೂ ನಿಂತಿರುವ, ಎಲ್ಲ ಜನರೂ ಒಳಗಿರುವ ದಿನ ಅದೊಂದೇ. ‘ಸಾರ್, ಪೂಜೆಗೆ ಮುಂಚೆ ಹತ್ತು ನಿಮಿಷ ಕಂಪ್ರೆಸರ್ ಹಾಕಿಬಿಡ್ತೀನಿ, ನೀವೇನೂ ಮಾತಾಡಬೇಡಿ,’ ಎಂದರು ಅವರು.

ಅಂಗಳಕ್ಕೆಲ್ಲ ಒತ್ತಿದ ಗಾಳಿ ಒದಗಿಸುವ ಕಂಪ್ರೆಸರ್ ಒತ್ತಡಕ್ಕೆ ಬಂದು ತಾನಾಗಿ ಅನ್‌ಲೋಡ್ ಆಯಿತು, ಅಂದರೆ ಗಾಳಿ ತುಂಬುವುದನ್ನು ನಿಲ್ಲಿಸಿತು. ಮಷಿನ್‌ಗಳ ಗದ್ದಲವಿಲ್ಲದ ಅಂಗಳದಲ್ಲಿ ಮೊದಲು ಒಂದು ಮೂಲೆಯಿಂದ, ಆಮೇಲೆ ಇನ್ನೊಂದು ಮೂಲೆಯಿಂದ ಸುಯ್ಯೆಂಬ ಸದ್ದು ಕೇಳತೊಡಗಿತು. ಏರ್‌ಗನ್ನಿನ ಟ್ರಿಗರ್, ಪೈಪಿನ ಕಪ್ಲಿಂಗ್, ಫಿಲ್ಟರಿನ ಬುಡ, ಎಂದೋ ತೆಗೆದುಹಾಕಿದ ಮಷಿನ್‌ಗೆ ಹೋಗುತ್ತಿದ್ದ ಮುಚ್ಚದ ಲೈನ್, ಎಲ್ಲ ಕಡೆಯಿಂದ ಹಾವು ಬುಸುಗುಟ್ಟಿದಂತೆ ಸದ್ದು. ಯಾರೂ ಒಂದು ಬೋಲ್ಟನ್ನೂ ಕಡೆಯುತ್ತಿರಲಿಲ್ಲ, ಆದರೂ ಕಂಪ್ರೆಸರ್ ಮತ್ತೆ ಲೋಡ್ ಆಗಿ ಗಾಳಿ ತುಂಬತೊಡಗಿತು. ಫಿಟ್ಟರ್ ಕೈಗಡಿಯಾರ ನೋಡಿ ಗೋಡೆಯ ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆಯುತ್ತಾ ಹೋದರು. ಲೋಡ್ ಸುಮಾರು ಒಂದು ನಿಮಿಷ, ಅನ್‌ಲೋಡ್ ಎರಡು ನಿಮಿಷ. ಲೋಡಿನ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆಯ ಪ್ರಮಾಣ ಸಿಗುತ್ತದೆ. ಅಂದರೆ ಆ ಕಂಪ್ರೆಸರಿನ ಸಾಮರ್ಥ್ಯದ ಮೂರನೆಯ ಒಂದು ಪಾಲು ಯಾರ ಕೆಲಸಕ್ಕೂ ಬಾರದೆ ಸೋರಿಹೋಗುತ್ತಿತ್ತು. ಸೋಪಿನ ನೊರೆ ತುಂಬಿದ ಬಕೆಟ್ಟು, ಪೇಂಟ್ ಬ್ರಷ್ ಹಿಡಿದು ಹುಡುಗರು ತಾವಾಗಿಯೇ ಹೊರಟರು. ಗುಳ್ಳೆ ಬಂದ ಕಡೆಯಲ್ಲೆಲ್ಲ ಪೂಜೆಗೆಂದು ತಂದಿದ್ದ ಹೂವಿನ ದಾರವನ್ನೇ ಕಟ್ಟಿದರು. ಮಂಗಳಾರತಿ ಆ ದಿನ ಮುಕ್ಕಾಲು ಗಂಟೆ ತಡವಾಯಿತು; ಪುರೋಹಿತರ ಅಸಮಾಧಾನವನ್ನು ಯಜಮಾನರು ದಕ್ಷಿಣೆಯಿಂದ ಸರಿದೂಗಿಸಿದರು.

ಸೋರಿಕೆ ಮುಚ್ಚಿದ್ದು ಎರಡು ವಾರದ ಕೆಲಸ. ಅದಾದ ಮೇಲೆ ಗಾಳಿಯ ಒತ್ತಡವನ್ನು ಒಂದು ಬಾರ್‌ನಷ್ಟು ಇಳಿಸಿದೆವು. ಪ್ರತಿ ಬಾರ್ ಇಳಿಕೆಗೆ ಕಂಪ್ರೆಸರಿನ ವಿದ್ಯುತ್ ಬಳಕೆ ನೂರಕ್ಕೆ ಆರೇಳರಷ್ಟು ಇಳಿಯುತ್ತದೆಂಬುದು ಈ ಕ್ಷೇತ್ರದವರೆಲ್ಲ ಬಲ್ಲ ಲೆಕ್ಕ. ಆದರೆ ನಾಲ್ಕು ತಿಂಗಳಲ್ಲಿ ಸೋರಿಕೆ ಮತ್ತೆ ಶುರುವಾಯಿತು. ರಿಪೇರಿಗೆ ಲೈನ್ ನಿಲ್ಲಿಸಬೇಕು, ನಿಲ್ಲಿಸಿದರೆ ಆ ಪಾಳಿಯ ಸಂಖ್ಯೆ ಬೀಳುತ್ತದೆ, ಸಂಖ್ಯೆ ಬಿದ್ದರೆ ಸೂಪರ್‌ವೈಸರ್ ಸಂಜೆ ನನ್ನ ಮುಂದೆ ನಿಂತು ಉತ್ತರ ಕೊಡಬೇಕು. ಅವರಿಗೆ ಪರಿಸರದ ಬಗ್ಗೆ ಕಾಳಜಿಯಿಲ್ಲ ಎಂದು ನಾನು ಅಷ್ಟು ದಿನ ಅಂದುಕೊಂಡಿದ್ದೆ. ಅಡ್ಡಿ ದಿನದ ಉತ್ಪಾದನೆ ಬರೆಯುವ ನನ್ನದೇ ಹಲಗೆಯಾಗಿತ್ತು. ಆ ಹಲಗೆಯ ಮೇಲೆ ಎಷ್ಟು ಪೀಸ್ ಬಂತು ಎಂಬ ಒಂದೇ ಕಾಲಮ್ಮಿತ್ತು.

2024ರ ಏಪ್ರಿಲಿನಿಂದ ಹಲಗೆಯನ್ನೇ ಬದಲಿಸಿದೆವು. ಒಳ್ಳೆಯ ಪೀಸುಗಳ ಪಕ್ಕದಲ್ಲಿ, ಅಷ್ಟಕ್ಕೆ ಎಷ್ಟು ಕಿಲೋ ರಾಡ್ ಖರ್ಚಾಯಿತು, ಎಷ್ಟು ಯೂನಿಟ್ ವಿದ್ಯುತ್ ಆಯಿತು ಎಂಬುದೂ ಬಂತು. ಸೂಪರ್‌ವೈಸರುಗಳ ವಾರ್ಷಿಕ ಬಡ್ತಿಯ ಮಾತು ಬಂದಾಗ ಈ ಮೂರನ್ನೂ ನೋಡುವುದಾಗಿ ಯಜಮಾನರಿಂದಲೇ ಹೇಳಿಸಿದೆ. ನಾನು ಹೇಳಿದ್ದರೆ ಅದು ಮತ್ತೊಂದು ಪೋಸ್ಟರ್ ಆಗುತ್ತಿತ್ತು. ರಿಪೇರಿಗೆಂದು ನಿಲ್ಲಿಸಿದ ಸಮಯವನ್ನು ಗುರಿಯಿಂದ ಕಳೆಯುವ ನಿಯಮವೂ ಆಯಿತು. ಇಷ್ಟು ದೊರಕಿಸಿಕೊಳ್ಳಲು ಅಕೌಂಟ್ಸ್ ವಿಭಾಗದೊಂದಿಗೆ ಆದ ವಾದವನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಉಳಿದೆಲ್ಲ ಬದಲಾವಣೆಗಿಂತ ಅದಕ್ಕೆ ಹೆಚ್ಚು ದಿನ ಹಿಡಿಯಿತು.

ಹಲಗೆ ಬದಲಾದ ಮೇಲೆ ಮಾತುಗಳು ಕೆಳಗಿನಿಂದ ಬರತೊಡಗಿದವು. ಊಟದ ಹೊತ್ತಿಗೆ ಸಿಎನ್‌ಸಿ ಮಷಿನ್‌ಗಳನ್ನು ಪೂರ್ತಿ ಆಫ್ ಮಾಡಬೇಕೆಂದು ನಾನು ಹಟ ಹಿಡಿದಿದ್ದೆ, ಆಪರೇಟರ್‌ಗಳು ಒಪ್ಪುತ್ತಿರಲಿಲ್ಲ. ಅದು ಸೋಮಾರಿತನವಲ್ಲ ಎಂದು ಒಬ್ಬರು ಮೈಕ್ರೋಮೀಟರ್ ಹಿಡಿದು ತೋರಿಸಿದರು. ರಾಡನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ತಣ್ಣಗಾದರೆ, ಅದು ಮತ್ತೆ ಬಿಸಿಯೇರುವವರೆಗೆ ಅಳತೆ ಮೈಕ್ರಾನ್‌ಗಳಲ್ಲಿ ಸರಿಯುತ್ತಾ ಹೋಗುತ್ತದೆ, ಮೊದಲ ಹತ್ತು ಪೀಸುಗಳು ನೇರ ಕೆಂಪು ಡಬ್ಬಿಗೆ. ಒಂದಿಷ್ಟು ಯೂನಿಟ್ ಉಳಿಸಲು ಹೋಗಿ ಕಿಲೋಗಟ್ಟಲೆ ಉಕ್ಕು ಕಳೆಯುವ ಸಲಹೆ ನನ್ನದಾಗಿತ್ತು. ಕೊನೆಗೆ ಕೂಲೆಂಟ್ ಪಂಪು, ಚೂರು ಸಾಗಿಸುವ ಕನ್ವೇಯರು ಮತ್ತು ಒಳದೀಪಗಳಿಗೆ ಮಾತ್ರ ಟೈಮರ್ ಹಾಕಿ, ಸ್ಪಿಂಡಲನ್ನು ನಿಧಾನ ವೇಗದಲ್ಲಿ ಬಿಸಿಯಾಗಿಯೇ ಇಟ್ಟೆವು.

ರಾಡಿನ ಕೊನೆಯ ತುಂಡಿನ ವಿಚಾರವನ್ನು ಎತ್ತಿದವರೂ ಅಂಗಳದವರೇ. ಮೂರು ಮೀಟರಿನ ರಾಡನ್ನು ಮಷಿನ್‌ಗೆ ಉಣಿಸುವ ಬಾರ್‌ಫೀಡರ್ ಅದನ್ನು ಕೊನೆಯವರೆಗೆ ತಳ್ಳಲಾರದು. ಗೇಣುದ್ದದ ತುಂಡು ಪ್ರತಿ ರಾಡಿಗೂ ಉಳಿಯುತ್ತದೆ. ವರ್ಷಗಳಿಂದ ಅದು ಚೂರಿನ ಜೊತೆ ಗುಜರಿಗೆ ಹೋಗುತ್ತಿತ್ತು. ರಾತ್ರಿ ಪಾಳಿಯ ಒಬ್ಬ ಆಪರೇಟರ್ ಆ ತುಂಡುಗಳನ್ನು ಉಕ್ಕಿನ ದರ್ಜೆ, ವ್ಯಾಸದ ಪ್ರಕಾರ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ, ತುದಿಗೆ ಬಣ್ಣ ಬಳಿದು, ಮೂಲೆಯಲ್ಲಿ ಧೂಳು ಹಿಡಿದಿದ್ದ, ಗಿಡ್ಡ ತುಂಡುಗಳನ್ನು ಹಿಡಿದು ಕಡೆಯುವ ಹಳೆಯ ಚಕ್ಕರ್ ಮಷಿನ್‌ನಲ್ಲಿ ಗಿಡ್ಡ ನಟ್ಟುಗಳನ್ನು ತೆಗೆಯಲಾರಂಭಿಸಿದ. ಬಣ್ಣ ಬಳಿಯುವುದು ಸಣ್ಣ ಮಾತಲ್ಲ. ದರ್ಜೆ ಬೆರೆತುಹೋದರೆ ಅದಕ್ಕಿಂತ ದೊಡ್ಡ ಅನಾಹುತ ಬೇರೆಯಿಲ್ಲ. ನನ್ನ ಸಮಿತಿ ಒಂದು ವರ್ಷದಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಇಂಗಾಲವನ್ನು ಆ ಡಬ್ಬಿಗಳು ಮೊದಲ ತಿಂಗಳಲ್ಲೇ ಉಳಿಸಿದವೆಂದು ನನ್ನ ಅಂದಾಜು.

ನೀರಿನ ವಿಷಯದಲ್ಲಿ ನಮ್ಮನ್ನು ಬದಲಿಸಿದ್ದು 2024ರ ಬೇಸಿಗೆ. ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಏರಿ ಬರುವ ಕಾವೇರಿ ಊರಿಗೇ ಸಾಲದಿದ್ದಾಗ, ಬೋರ್‌ವೆಲ್ ಕೈಕೊಟ್ಟು ಟ್ಯಾಂಕರಿಗಾಗಿ ಕಾದೆವು. ಮಳೆನೀರಿನ ಲೆಕ್ಕ ಅಂಗೈಯಲ್ಲೇ ಮಾಡಬಹುದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಚಾವಣಿ ಎರಡು ಸಾವಿರ ಚದರ ಮೀಟರ್, ಬೆಂಗಳೂರಿನ ವಾರ್ಷಿಕ ಮಳೆ ಹೆಚ್ಚುಕಡಿಮೆ 970 ಮಿಲಿಮೀಟರ್. ಪೋಲಾಗುವುದನ್ನು ಕಳೆದರೂ ಹದಿನೈದು ಲಕ್ಷ ಲೀಟರ್. ಕಾಗದದ ಮೇಲೆ ನಮ್ಮಲ್ಲಿ ಮಳೆಕೊಯ್ಲು ಮೊದಲೂ ಇತ್ತು, ಆದರೆ ಪೈಪು ಮೋರಿಗೆ ತೆರೆದಿತ್ತು. ಅದನ್ನು ತಿರುಗಿಸಿ ತೊಟ್ಟಿಗೆ ಬಿಟ್ಟೆವು. ಸೋಲಾರ್ ಮಾತ್ರ ಇನ್ನೂ ಆಗಿಲ್ಲ. ಕಲ್ನಾರಿನ ಶೀಟಿನ ಚಾವಣಿ ಫಲಕಗಳ ಭಾರ ಹೊರುವುದಿಲ್ಲ, ಚಾವಣಿ ಬದಲಿಸುವ ಖರ್ಚಿಗೆ ಯಜಮಾನರು ಇನ್ನೂ ‘ನೋಡೋಣ’ ಎನ್ನುತ್ತಿದ್ದಾರೆ.

ಈಗ ನನ್ನ ಮುಂದಿರುವ ಕೆಲಸ ಕಾರ್ಖಾನೆಯ ಗೇಟಿನ ಹೊರಗಿನದು. ನಮ್ಮ ಬೋಲ್ಟುಗಳಿಗೆ ಜಿಂಕ್ ಪ್ಲೇಟಿಂಗ್ ಮಾಡಿಕೊಡುವವರು ಎರಡು ರಸ್ತೆ ಆಚೆ, ಹನ್ನೆರಡು ಜನರನ್ನಿಟ್ಟುಕೊಂಡು ಶೆಡ್ ನಡೆಸುತ್ತಾರೆ. ಯುರೋಪಿನವರು ನನಗೆ ಕಳಿಸಿದಂತೆಯೇ ನಾನೂ ಅವರಿಗೊಂದು ಹಾಳೆ ಕಳಿಸಿದೆ, ಈ ಸಲ ಕನ್ನಡದಲ್ಲಿ. ಆ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ಅವರು ನನ್ನ ಟೇಬಲ್ಲಿಗೆ ಬಂದರು. ಡೀಸೆಲ್ಲಿನ ಸಾಲಿನಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು. ‘ನಿಮ್ಮ ಬೋಲ್ಟುಗಳು ಎಣ್ಣೆ ತೊಟ್ಟಿಕ್ಕುತ್ತಾ ಬರ್ತವೆ ಸಾರ್. ಅದನ್ನ ತೊಳೆಯೋಕೇ ನನ್ನ ಅರ್ಧ ಬಿಸಿನೀರು ಹೋಗುತ್ತೆ. ಆ ನೀರು ಕಾಯಿಸೋ ಡೀಸೆಲ್ಲನ್ನ ನನ್ನ ಲೆಕ್ಕಕ್ಕೆ ಬರೀಲಾ, ನಿಮ್ಮ ಲೆಕ್ಕಕ್ಕೆ ಬರೀಲಾ?’ ಎಂದು ಕೇಳಿದರು.

ಮರುದಿನ ಹಿರಿಯ ಫಿಟ್ಟರನ್ನು ಕರೆದುಕೊಂಡು ಅವರ ಶೆಡ್ಡಿಗೆ ಹೋಗಿ ನಮ್ಮ ಕ್ರೇಟುಗಳನ್ನು ನೋಡಿದೆ. ತಳದಲ್ಲಿ ಎರಡು ಬೆರಳು ಎಣ್ಣೆ ನಿಂತಿತ್ತು. ಕ್ರೇಟಿನ ತಳಕ್ಕೆ ತೂತು ಕೊರೆದು, ರಾತ್ರಿಯಿಡೀ ಬಾಣಲೆಯ ಮೇಲೆ ಬಸಿಯಲು ಬಿಡುವ ಸ್ಟ್ಯಾಂಡೊಂದನ್ನು ಗುಜರಿ ಆ್ಯಂಗಲ್‌ಗಳಿಂದ ವೆಲ್ಡ್ ಮಾಡುತ್ತಿದ್ದಾರೆ. ಈ ವಾರದೊಳಗೆ ಡಿಸ್ಪ್ಯಾಚ್ ಜಾಗದಲ್ಲಿ ಅದು ನಿಲ್ಲಬೇಕು.