ಎಸಿಎಲ್ ನಕಲು: ಚ್‌ಮಾಡ್ ಸಾಕು ಅಂದುಕೊಂಡಿದ್ದೆ

ಬ್ಯಾಕಪ್ ತೆಗೆಯುವ ಒಂದು ಚಿಕ್ಕ ಟೂಲನ್ನು ಲಿನಕ್ಸ್‌ಗೆ ಸಿ ಭಾಷೆಯಲ್ಲಿ ಬರೆಯುತ್ತಿದ್ದೆ. ಫೈಲ್ ತೆರೆಯುವುದು, ಓದುವುದು, ಹೊಸ ಫೈಲಿಗೆ ಬರೆಯುವುದು, ಕೊನೆಗೆ ಫೈಲಿನ ವಿವರ ಹೇಳುವ ಸ್ಟಾಟ್ ಕೊಟ್ಟ ಮೋಡನ್ನೇ (ಮಾಲೀಕರು, ಗ್ರೂಪ್, ಉಳಿದವರು ಈ ಮೂವರ ಅನುಮತಿಯ ಅಂಕಿಗಳು) ಹಿಡಿದು, ಮೋಡ್ ಬದಲಿಸುವ ಚ್‌ಮಾಡ್ ಮಾಡುವುದು. ಪರ್ಮಿಷನ್ ಕೆಲಸ ಅಲ್ಲಿಗೆ ಮುಗಿಯಿತು ಅಂತಲೇ ನಂಬಿದ್ದೆ. ಎಸಿಎಲ್ (ಇಂಥ ಬಳಕೆದಾರರಿಗೆ, ಇಂಥ ಗ್ರೂಪಿಗೆ ಇಷ್ಟು ಅನುಮತಿ ಎಂದು ಬೇರೆಬೇರೆಯಾಗಿ ಬರೆದ ಪಟ್ಟಿ) ಇರುವ ಫೈಲಾದರೆ ಅದರ ಹೆಚ್ಚುವರಿ ಎಂಟ್ರಿಗಳು ಮಾತ್ರ ಬಿಟ್ಟುಹೋಗುತ್ತವೆ, ಯಾರಿಗಾದರೂ ಫೈಲ್ ತೆರೆಯಲು ಆಗದಿದ್ದರೆ ಅವರೇ ಬಂದು ಹೇಳುತ್ತಾರೆ ಎನ್ನುವುದು ಆಗಿನ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪಾಗಿತ್ತು.

ಪರೀಕ್ಷೆಗೆ ಒಂದು ಫೈಲ್ ಮಾಡಿಕೊಂಡೆ. ಮಾಲೀಕರಿಗೆ ಓದು-ಬರೆ. ಯುಐಡಿ (ಬಳಕೆದಾರರ ಸಂಖ್ಯೆ) 1005 ಇರುವ ಇನ್ನೊಬ್ಬರಿಗೂ ಓದು-ಬರೆ. ಫೈಲಿನ ಗ್ರೂಪಿಗೆ ಏನೂ ಇಲ್ಲ, ಉಳಿದವರಿಗೂ ಏನೂ ಇಲ್ಲ. ಎಸಿಎಲ್ ಹಾಕುವ ಸೆಟ್‌ಎಫ್‌ಎಸಿಎಲ್ ಕಮಾಂಡ್ ತಾನೇ ಲೆಕ್ಕ ಹಾಕಿ ಓದು-ಬರೆ ಇರುವ ಒಂದು ಮಾಸ್ಕ್ ಸೇರಿಸಿತು. ಈಗ ಎಲ್ಎಸ್ ಕೊಟ್ಟು ನೋಡಿದರೆ ಮೋಡ್ 0660 (ನೋಡಲು ಮಾಲೀಕರಿಗೂ ಗ್ರೂಪಿಗೂ ಓದು-ಬರೆ), ಕೊನೆಯಲ್ಲಿ ಎಸಿಎಲ್ ಇದೆ ಎನ್ನುವ ಒಂದು ಪ್ಲಸ್ ಗುರುತು. ನನ್ನ ಟೂಲ್ ನಕಲು ಮಾಡಿದ ಫೈಲಿನಲ್ಲೂ 0660, ಆದರೆ ಪ್ಲಸ್ ಇಲ್ಲ. ಆ ಗ್ರೂಪಿನ ಬೇರೊಂದು ಖಾತೆಯಿಂದ ತೆರೆದೆ. ಸಲೀಸಾಗಿ ತೆರೆದುಕೊಂಡಿತು!

ಮೂಲ ಫೈಲಿನಲ್ಲಿ ಆ ಗ್ರೂಪಿಗೆ ಬಾಗಿಲು ಮುಚ್ಚಿತ್ತು. ನಕಲಿನಲ್ಲಿ ನಾನೇ ತೆರೆದಿಟ್ಟಿದ್ದೆ. ಕಾರಣ ಇಷ್ಟೇ: ಹೆಚ್ಚುವರಿ ಎಂಟ್ರಿಗಳಿರುವ ಫೈಲಿನ ಮೋಡ್‌ನಲ್ಲಿ ನಡುವಿನ ಅಂಕಿ ಗ್ರೂಪಿನ ಅನುಮತಿ ಅಲ್ಲ, ಅದು ಮಾಸ್ಕ್. ಹೆಸರಿಟ್ಟ ಬಳಕೆದಾರರು, ಹೆಸರಿಟ್ಟ ಗ್ರೂಪುಗಳು ಮತ್ತು ಫೈಲಿನ ಗ್ರೂಪಿಗೆ ಸಿಗಬಹುದಾದ ಗರಿಷ್ಠ ಎಷ್ಟು ಎಂದು ಮಾತ್ರ ಅದು ಹೇಳುತ್ತದೆ. ಅದನ್ನೇ ಎಸಿಎಲ್ ಇಲ್ಲದ ಫೈಲಿನ ಮೇಲೆ ಹಾಕಿದರೆ ಮಾಸ್ಕ್ ಹೋಗಿ ಗ್ರೂಪಿನ ಅನುಮತಿ ಆಗಿಬಿಡುತ್ತದೆ. ಅನುಮತಿ ಕಳೆದುಹೋದರೆ ಯಾರಾದರೂ ದೂರು ಕೊಡುತ್ತಾರೆ. ಜಾಸ್ತಿ ಸಿಕ್ಕಿದರೆ ಯಾರೂ ಬಾಯಿ ಬಿಡುವುದಿಲ್ಲ ಅಲ್ವಾ? ಅದೇ ನನ್ನನ್ನು ಹೆದರಿಸಿದ್ದು.

ಆಮೇಲೆ ಲಿಬ್‌ಎಸಿಎಲ್ ಎಂಬ ಲೈಬ್ರರಿ ಹಿಡಿದು ಮತ್ತೆ ಬರೆದೆ. ಹೊಸ ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ, 0600 ಮೋಡ್‌ನಲ್ಲಿ (ಮಾಲೀಕರಿಗೆ ಮಾತ್ರ ಓದು-ಬರೆ) ಸೃಷ್ಟಿಸುತ್ತೇನೆ. ಅನುಮತಿಯ ತಪಾಸಣೆ ನಡೆಯುವುದು ಫೈಲ್ ತೆರೆಯುವ ಹೊತ್ತಿಗೆ. ಸಡಿಲವಾಗಿದ್ದಾಗ ಯಾರಾದರೂ ತೆರೆದುಕೊಂಡರೆ ಆಮೇಲೆ ಎಷ್ಟು ಬಿಗಿ ಮಾಡಿದರೂ ಅವರ ಕೈಯಲ್ಲಿರುವ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಹಿಡಿಕೆ) ಕೆಲಸ ಮಾಡುತ್ತಲೇ ಇರುತ್ತದೆ. ಡೇಟಾ ಬರೆದಾದ ಮೇಲೆ, ಮಾಲೀಕರನ್ನೂ ಗ್ರೂಪನ್ನೂ ಬದಲಿಸುವ ಚೌನ್. ಅದಾದ ಮೇಲೆ ಎಸಿಎಲ್. ಸೆಟ್‌ಯುಐಡಿಯಂಥ (ಪ್ರೋಗ್ರಾಮನ್ನು ಅದರ ಮಾಲೀಕರ ಅಧಿಕಾರದಲ್ಲಿ ಓಡಿಸುವ) ಬಿಟ್‌ಗಳು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಚೌನ್ ಅವನ್ನು ಅಳಿಸಿಹಾಕಬಹುದು. ಚೌನ್‌ಗಿಂತ ಮೊದಲೇ ಎಸಿಎಲ್ ಹಾಕಿದರೆ ಗ್ರೂಪಿನ ಅನುಮತಿ ಕ್ಷಣಕಾಲವಾದರೂ ತಪ್ಪು ಗ್ರೂಪಿಗೆ ಸಿಗುತ್ತದೆ. ಎಲ್ಲ ಸರಿಹೋದ ಮೇಲಷ್ಟೇ ರಿನೇಮ್.

ಓದುವುದು ಎಸಿಎಲ್-ಗೆಟ್-ಎಫ್‌ಡಿಯಿಂದ, ಹಾಕುವುದು ಎಸಿಎಲ್-ಸೆಟ್-ಎಫ್‌ಡಿಯಿಂದ. ಪಾತ್ ಕೊಟ್ಟು ಮಾಡಿದರೆ ನಡುವೆ ಯಾರಾದರೂ ಆ ಹೆಸರಿನ ಜಾಗದಲ್ಲಿ ಬೇರೆ ಫೈಲ್ ಇಡಬಹುದು. ಡಿಸ್ಕ್ರಿಪ್ಟರ್ ಆದರೆ ಆ ಭಯವಿಲ್ಲ.

ಇಲ್ಲಿ ಇನ್ನೊಂದು ಪಾಠ ಸಿಕ್ಕಿತು. ಮೂಲದಲ್ಲಿ ಹೆಚ್ಚುವರಿ ಎಂಟ್ರಿ ಇಲ್ಲದಿದ್ದರೆ ಎಸಿಎಲ್ ಹಾಕುವ ಹೆಜ್ಜೆಯನ್ನೇ ಬಿಟ್ಟುಬಿಡೋಣ, ಸುಮ್ನೆ ಯಾಕೆ ಒಂದು ಸಿಸ್ಟಮ್ ಕಾಲ್ ಅಂತ ಬಿಟ್ಟಿದ್ದೆ. ಆದರೆ ನಕಲು ಹೋಗಿ ಬೀಳುವ ಡೈರೆಕ್ಟರಿಗೆ ಡಿಫಾಲ್ಟ್ ಎಸಿಎಲ್ ಇದ್ದರೆ ಹೊಸ ಫೈಲ್ ಅದನ್ನು ತಾನಾಗಿಯೇ ಪಡೆದುಕೊಳ್ಳುತ್ತದೆ. ಹೊಸ ಫೈಲಿನ ಅನುಮತಿಯನ್ನು ಕತ್ತರಿಸುವ ಯೂಮಾಸ್ಕನ್ನೂ ಅಲ್ಲಿ ಕೇಳುವವರಿಲ್ಲ. 0600 ಕೊಟ್ಟು ಸೃಷ್ಟಿಸಿದಾಗ ಮಾಸ್ಕ್ ಖಾಲಿ ಇರುವುದರಿಂದ ಆ ಎಂಟ್ರಿಗಳು ಸುಮ್ಮನೆ ಮಲಗಿರುತ್ತವೆ. ಕೊನೆಯ ಚ್‌ಮಾಡ್ ಬಂದಿದ್ದೇ ತಡ, ಎದ್ದು ಕೂರುತ್ತವೆ. ಈಗ ಎಸಿಎಲ್ ಇರಲಿ ಬಿಡಲಿ, ಪ್ರತಿ ಸಲವೂ ಹಾಕುತ್ತೇನೆ. ಎಸಿಎಲ್ ಇಲ್ಲದ ಫೈಲಿಗೆ ಲೈಬ್ರರಿ ಮೋಡ್‌ನಿಂದಲೇ ಮೂರು ಎಂಟ್ರಿಗಳ ಪಟ್ಟಿ ಕಟ್ಟಿಕೊಡುತ್ತದೆ. ಅದನ್ನು ಹಾಕಿದರೆ ಹಳೆಯ ಹೆಚ್ಚುವರಿ ಎಂಟ್ರಿಗಳು ಅಳಿಸಿಹೋಗುತ್ತವೆ.

ಡೈರೆಕ್ಟರಿಗಳಿಗೆ ಡಿಫಾಲ್ಟ್ ಎಸಿಎಲ್ ಬೇರೆಯಾಗಿ ನಕಲು ಮಾಡಬೇಕು. ಡಿಸ್ಕ್ರಿಪ್ಟರ್ ಕೊಟ್ಟು ಅದನ್ನು ಓದುವ ಫಂಕ್ಷನ್ ಲಿಬ್‌ಎಸಿಎಲ್‌ನಲ್ಲಿ ಇಲ್ಲ. ತೆರೆದ ಡಿಸ್ಕ್ರಿಪ್ಟರನ್ನೇ ಪಾತ್ ಆಗಿ ತೋರಿಸುವ, ಪ್ರೊಕ್ ಒಳಗಿನ ಸೆಲ್ಫ್-ಎಫ್‌ಡಿ ಮೂಲಕ ಹೋದೆ. ಮೂಲದಲ್ಲಿ ಡಿಫಾಲ್ಟ್ ಇಲ್ಲದಿದ್ದರೆ ನಕಲಿನಲ್ಲಿ ಇರುವುದನ್ನೂ ತೆಗೆಯಬೇಕು.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು, ನಕಲು ಹೋಗುವ ಫೈಲ್‌ಸಿಸ್ಟಮ್‌ಗೆ ಎಸಿಎಲ್ ಬೆಂಬಲವೇ ಇಲ್ಲದಿದ್ದರೆ ಏನು ಮಾಡುವುದು ಎಂಬುದಕ್ಕೆ. ಬೆಂಬಲ ಇಲ್ಲ ಎಂಬ ಎರರ್ ಬಂದಾಗ ಮೊದಲು ಎಸಿಎಲ್-ಈಕ್ವಿವ್-ಮೋಡ್ ಕೇಳುತ್ತೇನೆ. ಸೊನ್ನೆ ಕೊಟ್ಟರೆ ಇಡೀ ಪಟ್ಟಿ ಮೋಡ್‌ನಲ್ಲೇ ಹಿಡಿಸುತ್ತದೆ ಎಂದರ್ಥ, ಚ್‌ಮಾಡ್ ಸಾಕು. ಹಿಡಿಸದಿದ್ದರೆ? ಗ್ರೂಪ್ ಎಂಟ್ರಿಯನ್ನು ಮಾಸ್ಕ್ ಜೊತೆ ಆ್ಯಂಡ್ ಮಾಡಿ (ಎರಡರಲ್ಲೂ ಇರುವುದನ್ನಷ್ಟೇ ಉಳಿಸಿ) ಅದನ್ನೇ ಗ್ರೂಪಿಗೆ ಕೊಟ್ಟರಾಯಿತು ಅನಿಸಿತು. ಒಂದು ಉದಾಹರಣೆ ಹಾಕಿ ನೋಡಿದೆ. ಯುಐಡಿ 1005ಕ್ಕೆ ಏನೂ ಇಲ್ಲ, ಉಳಿದವರೆಲ್ಲರಿಗೂ ಓದು. ಅಂದರೆ ಆ ಒಬ್ಬರನ್ನು ಬೇಕಂತಲೇ ಹೊರಗಿಟ್ಟಿದ್ದಾರೆ. ಎಂಟ್ರಿ ಬಿಟ್ಟುಹೋದರೆ ಅವರು ಉಳಿದವರ ಸಾಲಿಗೆ ಸೇರಿ ಒಳಗೆ ಬರುತ್ತಾರೆ. ಹಾಗಾಗಿ ಯಾವ ಲೆಕ್ಕವನ್ನೂ ಮಾಡುವುದಿಲ್ಲ. ಫೈಲನ್ನು 0600ರಲ್ಲೇ ನಿಲ್ಲಿಸಿ, ಪಾತ್ ಸಮೇತ ಎರರ್ ಬರೆದು, ಟೂಲ್ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಡುವಂತೆ ಮಾಡಿದೆ. ಬಳಸುವವರಿಗೆ ಇದು ಸ್ವಲ್ಪ ಕಿರಿಕಿರಿ, ಗೊತ್ತು. ಆದರೂ ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಕೊನೆಗೊಂದು ಸಮಸ್ಯೆ ಬಂದಿದ್ದು ಬೇರೆ ಮೆಷೀನಿನಲ್ಲಿ ರಿಸ್ಟೋರ್ ಮಾಡುವಾಗ. ಡಿಸ್ಕ್‌ನಲ್ಲಿ ಎಸಿಎಲ್ ಇಟ್ಟುಕೊಳ್ಳುವುದು ಯುಐಡಿ ಸಂಖ್ಯೆಯನ್ನು, ಹೆಸರನ್ನಲ್ಲ. ಇಲ್ಲಿನ 1005 ಅಲ್ಲಿ ಬೇರೆ ಯಾರೋ ಆಗಿರಬಹುದು. ಅದಕ್ಕೇ ಪ್ರತಿ ಬ್ಯಾಕಪ್ ಜೊತೆ ಎಸಿಎಲ್ ಪಟ್ಟಿಯನ್ನು ಹೆಸರುಗಳ ಸಮೇತ ಬರೆದಿಡುತ್ತೇನೆ. ರಿಸ್ಟೋರ್ ಮಾಡುವಾಗ ಆ ಹೆಸರು ಹೊಸ ಮೆಷೀನಿನಲ್ಲಿ ಸಿಗದಿದ್ದರೆ ಅಲ್ಲೂ ಫೈಲ್ 0600ರಲ್ಲೇ ನಿಲ್ಲುತ್ತದೆ.