ಚಾಮುಂಡಿ ಬೆಟ್ಟವನ್ನು ಬಂಡೆ ನೋಡುತ್ತ ಹತ್ತುವುದು ಹೇಗೆ?

ಚಾಮುಂಡಿ ಬೆಟ್ಟಕ್ಕೆ ಹೋಗುವವರಿಗೆಲ್ಲ ನಾನು ಹೇಳುವುದು ಒಂದೇ: ಬೆಟ್ಟದ ಬುಡದಿಂದ ಮೆಟ್ಟಿಲು ಹತ್ತಿ. ಮೆಟ್ಟಿಲು ಸುಮಾರು ಸಾವಿರ. ಆಷಾಢ ಶುಕ್ರವಾರದ ಜನಜಂಗುಳಿ ಬೇಡ. ಬೇರೆ ದಿನ ಆರಿಸಿಕೊಂಡು ಬೆಳಕು ಹರಿಯುವಷ್ಟರಲ್ಲಿ ಹೊರಡಿ. ನೀರಿರಲಿ. ತಿಂಡಿಯ ಪೊಟ್ಟಣ ಕೈಯಲ್ಲಿ ಕಂಡರೆ ಕೋತಿಗಳು ಬಿಡುವುದಿಲ್ಲ.

ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹರಕೆಯವರಿಗೆ ದಾರಿ ಬಿಡಿ. ಹಾಗೆ ನಿಂತಾಗ ಪಕ್ಕದ ಬಂಡೆಯನ್ನು ಹತ್ತಿರದಿಂದ ನೋಡಿ. ಪಾಚಿ ಕಟ್ಟದ ಜಾಗ ಬೇಕು. ಖನಿಜಗಳನ್ನು ಗುರುತಿಸಿ: ನಸುಗೆಂಪು ಹರಳುಗಳು ಫೆಲ್ಡ್‌ಸ್ಪಾರ್, ಮಂಕು ಬೂದಿನವು ಬೆಣಚು, ಕರಿಯ ಚುಕ್ಕೆಗಳು ಅಭ್ರಕ. ಹರಳು ಇಷ್ಟು ದೊಡ್ಡದಾಗಬೇಕಾದರೆ ಶಿಲಾರಸ (ಕರಗಿದ ಕಲ್ಲು) ನೆಲದಾಳದಲ್ಲಿ ಬಹಳ ನಿಧಾನವಾಗಿ ಆರಬೇಕು. ಈ ಗ್ರಾನೈಟಿನ ವಯಸ್ಸು ಸುಮಾರು 80 ಕೋಟಿ ವರ್ಷ. ಮೈಸೂರಿನ ಬಯಲಿನ ನೈಸ್ (gneiss) ಎಂಬ ಪಟ್ಟೆಪಟ್ಟೆ ಶಿಲೆಗೆ ಸುಮಾರು 300 ಕೋಟಿ! ಆ ಹಳೆಯ ಶಿಲೆಯೊಳಗೆ ನುಗ್ಗಿ ಗಟ್ಟಿಯಾದ ಗ್ರಾನೈಟು, ಮೇಲಿನದೆಲ್ಲ ಸವೆದುಹೋದ ಮೇಲೆ ಬೆಟ್ಟವಾಗಿ ನಿಂತಿದೆ. ಎತ್ತರದಲ್ಲಿರುವುದು ಎಳೆಯದು, ಕಾಲಡಿಯ ಬಯಲು ಮುದಿಯದು. ಈ ಬೆಟ್ಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು. ಬಂಡೆಗಳ ಮೈಯಿಂದ ಈರುಳ್ಳಿ ಸಿಪ್ಪೆಯಂತೆ ಪದರಗಳು ಏಳುವುದನ್ನೂ ಗಮನಿಸಿ. ಗುಂಡುಬಂಡೆಗಳು ಗುಂಡಗಾದದ್ದು ಹೀಗೆಯೇ.

ಮುಕ್ಕಾಲು ದಾರಿಯಲ್ಲಿ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ (1659–1673) ಇದ್ದ ಜಾಗದಲ್ಲೇ ಒಂದೇ ಬಂಡೆಯನ್ನು ಕಡೆದು ಮಾಡಿದ್ದು. ಮೆಟ್ಟಿಲುಗಳನ್ನು ಕಟ್ಟಿಸಿದವರೂ ಅವರೇ. ನೀವು ಅಷ್ಟು ಹೊತ್ತು ನೋಡುತ್ತ ಬಂದ ಕಲ್ಲೇ ಇಲ್ಲಿ ಗಂಟೆಯ ಸರ ಹಾಕಿಕೊಂಡು ಕೂತಿದೆ. ಒಂದು ಸುತ್ತು ಬಂದು, ಕೊರಳಿನ ಕೆತ್ತನೆ ನೋಡದೆ ಮುಂದೆ ಹೋಗಬೇಡಿ.

ಮೇಲೆ, 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಜೀರ್ಣೋದ್ಧಾರ ಮಾಡಿಸಿದ ಅಮ್ಮನವರ ಗುಡಿಯಲ್ಲಿ ದರ್ಶನ ಮುಗಿಸಿ ನೇರವಾಗಿ ಬಸ್ಸಿನತ್ತ ಓಡುವವರೇ ಹೆಚ್ಚು. ಸ್ವಲ್ಪ ತಡೆದು ಪಕ್ಕದ ಮಹಾಬಲೇಶ್ವರನ ಗುಡಿಗೆ ಹೋಗಿ. ಬೆಟ್ಟದಲ್ಲಿ ಎಲ್ಲಕ್ಕಿಂತ ಹಳೆಯ ಗುಡಿ ಅದು; 1128ರಲ್ಲಿ ಹೊಯ್ಸಳ ವಿಷ್ಣುವರ್ಧನ ಅದಕ್ಕೆ ದತ್ತಿ ಕೊಟ್ಟಿದ್ದ.

ಮಂಡಿ ನೋವಿದ್ದರೆ ಇಳಿಯಲು ಬಸ್ ಹಿಡಿಯಿರಿ. ನಡೆದೇ ಇಳಿಯುವವರು ಮೆಟ್ಟಿಲು ಬಿಟ್ಟು ಪೊದೆಯೊಳಗೆ ಅಡ್ಡದಾರಿ ಮಾಡಬೇಡಿ. ಬಂಡೆಯ ಮೇಲಿನ ಮಣ್ಣು ತೆಳುವಾದದ್ದು, ಹುಲ್ಲು ಪೊದೆಗಳ ಬೇರು ಅದನ್ನು ಹಿಡಿದಿಟ್ಟಿದೆ. 2021ರ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದದ್ದನ್ನು ಮೈಸೂರಿನವರು ಮರೆತಿಲ್ಲ.